ಆರನೆಯ ಹೆಸರು

ಹ್ಯಾಡ್‌ಲಾಕ್ ದ್ವೀಪ, ಮೇನ್
11 ಮಾರ್ಚ್ 2013

ಶ್ರೀ ಆಲ್ಸೀಡ್ ತಿಬೊಡೊ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ವಿಳಾಸ ಕೊಟ್ಟವರು ಬರ್ನದೆತ್. ಬ್ಯಾಂಗರಿನ ಆಸ್ಪತ್ರೆಯಲ್ಲಿ ಕೀಮೋ ಹಾಕುವ ಕುರ್ಚಿಗಳ ಸಾಲಿನಲ್ಲಿ ಅವರು ನನ್ನ ಗಂಡನ ಪಕ್ಕ ಕೂರುತ್ತಾರೆ. ಆಲೂಗಡ್ಡೆ ವಿಂಗಡಿಸುವ ಯಂತ್ರ ನಿಮ್ಮ ಎರಡೂ ಕಿವಿಗಳನ್ನು ತಿಂದುಹಾಕಿದೆ, ಫೋನು ಮಾಡಿ ಪ್ರಯೋಜನವಿಲ್ಲ, ಬರೆದರೆ ಮಾತ್ರ ಉತ್ತರ ಬರುತ್ತದೆ ಎಂದೂ ಅವರೇ ಹೇಳಿದರು.

ನನ್ನ ಗಂಡ ಮರ್ಲ್ ಕಾರ್ವರ್. ವಯಸ್ಸು ಅರವತ್ತಮೂರು. ನಲವತ್ತು ವರ್ಷ ಲಾಬ್‌ಸ್ಟರ್ ಹಿಡಿದವರು. ಕಳೆದ ನವೆಂಬರಿನಲ್ಲಿ ಮೇದೋಜೀರಕದಲ್ಲಿ ಗಂಟು ಕಂಡಿತು. ಈಗ ತುತ್ತು ಬಾಯಿಗಿಟ್ಟರೆ ವಾಂತಿ. ನಾನು ಮನೆಯಲ್ಲೇ ಕೂತು ಏಡಿ ಬಿಡಿಸಿ ಮಾಂಸ ಮಾರುತ್ತಿದ್ದೆ. ಆ ವಾಸನೆ ಅವರಿಗೆ ಆಗುವುದಿಲ್ಲವೆಂದು ಅದನ್ನೂ ಬಿಟ್ಟೆ. ವೈದ್ಯರು ಔಷಧಿ ಗಾಂಜಾಕ್ಕೆ ಚೀಟಿ ಕೊಟ್ಟಿದ್ದಾರೆ. ಇಲ್ಲೇ ಕರಾವಳಿಯ ಒಬ್ಬ ಬೆಳೆಗಾರನಿಂದ ತಂದೆವು. ಎದೆ ಡವಡವ ಹೊಡೆದುಕೊಂಡು, ಗೋಡೆಯೊಳಗೆ ಯಾರೋ ನಡೀತಿದ್ದಾರೆ ಎಂದು ಕೂಗಿಕೊಂಡರು. ಉಳಿದದ್ದನ್ನು ಒಲೆಗೆ ಹಾಕಿದೆ.

ಕಳೆದ ಮಂಗಳವಾರ ಬರ್ನದೆತ್ ತಮ್ಮ ಸೀಸೆಯಿಂದ, ನೀವು ಮಾಡಿದ ಎಣ್ಣೆಯನ್ನು, ನಾಲ್ಕು ಹನಿ ಅವರ ನಾಲಿಗೆಯಡಿ ಬಿಟ್ಟರು. ದ್ವೀಪಕ್ಕೆ ಬರುವ ದೋಣಿಯಲ್ಲಿ ಮರ್ಲ್ ಕೇಳಿದರು: “ವರ್ನಾ, ಮನೇಲಿ ಮೀನಿನ ಸಾರು ಇದ್ಯೇನೇ?” ಮೂರು ತಿಂಗಳಲ್ಲಿ ಮೊದಲ ಸಲ ಹಸಿವೆಂದರು. ಒಂದು ಬಟ್ಟಲು ಪೂರ್ತಿ ಕುಡಿದರು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ನಿಮ್ಮ ಪರವಾನಗಿಯಲ್ಲಿ ಮರ್ಲ್ ಹೆಸರನ್ನೂ ಸೇರಿಸಿಕೊಳ್ಳಿ. ಎಷ್ಟು ದೂರವಾದರೂ ಬರುತ್ತೇನೆ.

ವರ್ನಾ ಕಾರ್ವರ್


ತಿಬೊಡೊ ಕಾರ್ನರ್, ಅರುಸ್ಟೂಕ್ ಜಿಲ್ಲೆ
19 ಮಾರ್ಚ್ 2013

ಶ್ರೀಮತಿ ಕಾರ್ವರ್,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಉತ್ತರ ಮಾತ್ರ ಒಂದೇ: ಆಗುವುದಿಲ್ಲ.

ನನ್ನಂಥ ಬೆಳೆಗಾರನಿಗೆ ರಾಜ್ಯ ಕೊಡುವ ಕಾರ್ಡಿನಲ್ಲಿ ಐದು ರೋಗಿಗಳಿಗಷ್ಟೇ ಜಾಗ. ಒಬ್ಬೊಬ್ಬರಿಗೆ ಆರು ಗಿಡ, ಒಟ್ಟು ಮೂವತ್ತು. ಪ್ರತಿಯೊಬ್ಬರೂ ನನ್ನನ್ನೇ ಆರಿಸಿಕೊಂಡಿದ್ದೇವೆಂದು ನಮೂನೆಯಲ್ಲಿ ಸಹಿ ಹಾಕಬೇಕು. ಆ ಐದು ನಮೂನೆಗಳೂ ನನ್ನ ಗೋದಾಮಿನ ಬಾಗಿಲ ಹಿಂದೆ ತಗಡಿನ ಡಬ್ಬಿಯಲ್ಲಿವೆ. ಆರನೆಯ ಹೆಸರಿಗೆ ನಮೂನೆಯೇ ಸಿಗುವುದಿಲ್ಲ. ಕಾರ್ಡಿಲ್ಲದೆ ಒಂದು ಹನಿ ಕೊಟ್ಟರೂ ಐದು ಜನರ ಔಷಧಿಗೆ ಕುತ್ತು. ಬರ್ನದೆತ್ ನಿಮಗೆ ಕೊಟ್ಟದ್ದೂ ತಪ್ಪೇ. ಬಯ್ದು ಬರೆದೆ. ಅವಳು ಕಾಗದದ ಹಿಂದೆಯೇ ಉತ್ತರ ಗೀಚಿ ಕಳಿಸಿದಳು: “ಹೋಗಯ್ಯಾ ಮುದುಕ, ನನ್ನ ನಾಲ್ಕು ಹನಿ, ನನ್ನಿಷ್ಟ.”

ಒಂದು ಮಾಡಬಲ್ಲೆ. ಕಾಯುವವರ ಪಟ್ಟಿಯಲ್ಲಿ ನಿಮ್ಮವರದ್ದೇ ಮೊದಲ ಹೆಸರು. ನನ್ನ ಐವರಲ್ಲಿ ಯಾರಾದರೂ ವಾಸಿಯಾದರೆ, ಇಲ್ಲವೇ ಹೋದರೆ, ಅದೇ ದಿನ ನಿಮಗೆ ಬರೆಯುತ್ತೇನೆ.

ಇಲ್ಲಿನ್ನೂ ಎದೆಮಟ್ಟ ಹಿಮ. ನನ್ನ ಗಿಡಗಳು ಅರ್ಧ ನೆಲದೊಳಗಿರುವ ಹಳೆಯ ಆಲೂಗಡ್ಡೆ ಗೋದಾಮಿನಲ್ಲಿ ದೀಪದಡಿ ಬೆಳೆಯುತ್ತವೆ. ನಿಮ್ಮ ಮರ್ಲ್‌ಗೆ ನನ್ನ ನಮಸ್ಕಾರ.

ಆಲ್ಸೀಡ್ ತಿಬೊಡೊ


ಹ್ಯಾಡ್‌ಲಾಕ್ ದ್ವೀಪ
2 ಏಪ್ರಿಲ್ 2013

ಪ್ರಿಯ ಆಲ್ಸೀಡ್ ಅವರಿಗೆ,

ಮೊದಲ ಹೆಸರು ಎಂದಿರಿ. ಅಷ್ಟಕ್ಕೇ ಮರ್ಲ್ ಮುಖದಲ್ಲಿ ಗೆಲುವು ಬಂತು. “ಆ ಮುದುಕ ಬಿಡಪ್ಪಾ ಗಟ್ಟಿ ಮನುಷ್ಯ. ಇಲ್ಲ ಅಂತ ನೇರಾನೇರ ಹೇಳ್ದ. ನಂಗೆ ಅಂಥೋರು ಇಷ್ಟ” ಎಂದರು. ಅವರ ಸೊಂಟದ ಪಟ್ಟಿಗೆ ನಾನೇ ಮೊಳೆಯಿಂದ ಇನ್ನೊಂದು ತೂತು ಹೊಡೆದೆ.

ನಿಮ್ಮ ಐವರು ಹೇಗಿದ್ದಾರೆ? ಬರ್ನದೆತ್ ಕಳೆದ ವಾರ ತೀರ ಸೊರಗಿದಂತೆ ಕಂಡರು. ಅವರ ವಯಸ್ಸೆಷ್ಟು? ವೈದ್ಯರು ಏನನ್ನುತ್ತಾರಂತೆ? ಉಳಿದವರೂ ಹೀಗೆಯೇ ವಯಸ್ಸಾದವರೇ? ತಿಳಿಯುವ ಆಸೆ, ಅಷ್ಟೆ.

ವರ್ನಾ


ತಿಬೊಡೊ ಕಾರ್ನರ್
14 ಏಪ್ರಿಲ್ 2013

ಪ್ರಿಯ ವರ್ನಾ,

ಗುರುತಿಲ್ಲದವರ ಬಗ್ಗೆ ಇಷ್ಟು ಕಾಳಜಿಯಿಂದ ವಿಚಾರಿಸುವವರು ಈಗ ಎಲ್ಲಿದ್ದಾರೆ? ನನ್ನ ಹೆಂಡತಿ ಜರ್ಮೇನ್ ಹೀಗೆಯೇ ಇದ್ದಳು. ಅವಳು ಹೋಗಿ ಆರು ವರ್ಷ. ನಿಮ್ಮ ಕಾಗದ ಬಂದ ದಿನ ನಾನು ಬಕ್‌ವೀಟ್ ಹಿಟ್ಟಿನ ದೋಸೆ ಎರಡು ಹೆಚ್ಚು ತಿನ್ನುತ್ತೇನೆ.

ಬರ್ನದೆತ್‌ಗೆ ಎಪ್ಪತ್ತೊಂಬತ್ತು. ಅವಳು ನಮ್ಮನ್ನೆಲ್ಲ ಹೂಳಿಯೇ ಹೋಗುವ ಹೆಂಗಸು. ಉಳಿದವರ ಹೆಸರು, ಕಾಯಿಲೆ ಹೇಳಲು ಕಾನೂನು ನನ್ನನ್ನು ಬಿಡುವುದಿಲ್ಲ. ಹೆಸರಿಲ್ಲದೆ ಹೇಳುತ್ತೇನೆ. ಇಬ್ಬರು ಹಾಸಿಗೆಯಲ್ಲೇ ಇದ್ದಾರೆ. ಒಬ್ಬಳು ಶಾಲೆಯ ಮೇಡಂ. ಐದನೆಯವನು ಸೌದೆ ಕಡಿದು ಮಾರುವ ಮೂವತ್ತನಾಲ್ಕರ ಹುಡುಗ. ಅವನೊಬ್ಬನನ್ನು ನೀವು ನೋಡಬೇಕು! ಮೊನ್ನೆ ಔಷಧಿಗೆ ಬಂದವನು ತನ್ನ ಹಿಮದ ಮೋಟರ್ ಬಂಡಿಯನ್ನು ಒಬ್ಬನೇ ಎತ್ತಿ ಟ್ರಕ್ಕಿಗೆ ಹಾಕಿದ. ಎತ್ತಿದ ಮೇಲೆ ಶಿಳ್ಳೆ ಬೇರೆ. ನನಗೆ ಸದ್ದು ಕೇಳಿಸಲಿಲ್ಲ, ತುಟಿ ದುಂಡಗಾದದ್ದಷ್ಟೇ ಕಂಡಿತು. “ಏನಯ್ಯಾ, ಕಾಯಿಲೆಯವನು ಅಂತ ಸುಳ್ಳು ಹೇಳಿ ನನ್ನ ಹತ್ರ ಕಾರ್ಡ್ ಮಾಡ್ಸಿದ್ಯಾ?” ಎಂದು ರೇಗಿಸಿದೆ. ನಕ್ಕೂ ನಕ್ಕೂ ಹಿಮದಲ್ಲಿ ಕೂತುಬಿಟ್ಟ.

ಮರ್ಲ್ ಎಷ್ಟು ತೂಕ ಇಳಿದಿದ್ದಾರೆ?

ಆಲ್ಸೀಡ್


ಹ್ಯಾಡ್‌ಲಾಕ್ ದ್ವೀಪ
5 ಮೇ 2013

ಪ್ರಿಯ ಆಲ್ಸೀಡ್,

ನಲವತ್ತೊಂಬತ್ತು ಪೌಂಡು ಇಳಿದಿದ್ದಾರೆ. ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಲಿಲ್ಲ.

ಬಂಡಿಯನ್ನು ಒಬ್ಬನೇ ಎತ್ತಿ ಹಾಕುವವನು ನಿಮ್ಮ ಐವರಲ್ಲಿ ಒಬ್ಬ. ತನ್ನ ಅಂಗಿಯ ಗುಂಡಿ ತಾನು ಹಾಕಿಕೊಳ್ಳಲಾರದ ನನ್ನ ಗಂಡ ಪಟ್ಟಿಯಲ್ಲಿ. ಇದು ನಿಮಗೆ ತಮಾಷೆಯಾಗಿ ಕಂಡಿತು. ಅವನನ್ನು ಬೇರೆ ಬೆಳೆಗಾರನ ಹತ್ತಿರ ಕಳಿಸಿದರೆ ಏನು ಹೋಗುತ್ತದೆ? ಅವನೇ ಒಂದು ಸಹಿ ಹಾಕಿ ಜಾಗ ಬಿಟ್ಟುಕೊಡಲಿ. ಕೇಳಿ ನೋಡಿ. ಇಲ್ಲವೇ ಅವನ ವಿಳಾಸ ಕೊಡಿ, ನಾನೇ ಕೇಳುತ್ತೇನೆ.

ವರ್ನಾ


ತಿಬೊಡೊ ಕಾರ್ನರ್
16 ಮೇ 2013

ವರ್ನಾ,

ನಾನು ಬಾಯಿಬಡುಕ. ಅಷ್ಟೆಲ್ಲ ಬರೆಯಬಾರದಿತ್ತು. ನೊಂದಿದ್ದೀರಿ, ಕ್ಷಮಿಸಿ.

ಯಾರಿಗೆ ಏನಾಗಿದೆಯೆಂದು ಹೊರಗಿನಿಂದ ನೋಡಿ ಗೊತ್ತಾಗುವುದಿಲ್ಲ. ಇದಕ್ಕಿಂತ ಹೆಚ್ಚು ಒಂದಕ್ಷರ ನಾನು ಹೇಳುವಂತಿಲ್ಲ. ವಿಳಾಸ ಕೊಡುವುದಿಲ್ಲ. ಅವನನ್ನು ಕೇಳುವುದೂ ಇಲ್ಲ. ಕೇಳಿದರೆ ಅವನು ಕೊಟ್ಟುಬಿಡುತ್ತಾನೆ, ಅಂಥವನು. ಅದಕ್ಕೇ ಕೇಳುವುದಿಲ್ಲ.

ಆಲ್ಸೀಡ್


ಹ್ಯಾಡ್‌ಲಾಕ್ ದ್ವೀಪ
10 ಜೂನ್ 2013

ಆಲ್ಸೀಡ್,

ಸರಿ. ಇನ್ನು ಕೇಳುವುದಿಲ್ಲ.

ವರ್ನಾ


ತಿಬೊಡೊ ಕಾರ್ನರ್
21 ಜೂನ್ 2013

ಪ್ರಿಯ ವರ್ನಾ,

ನಿಮ್ಮ ಒಂದು ಸಾಲಿನ ಕಾಗದ ಮೇಜಿನ ಮೇಲಿದೆ. ಹತ್ತು ಪುಟ ಬರೆದಿದ್ದರೂ ನನಗೆ ಇಷ್ಟು ನಾಟುತ್ತಿರಲಿಲ್ಲ.

ಈಗ ಹೇಳುವುದನ್ನು ಓದಿ ಕಾಗದ ಸುಟ್ಟುಬಿಡಿ. ಮರ್ಲ್‌ಗಾಗಿ ಆರು ಗಿಡ ಹಾಕಿದ್ದೇನೆ. ಗೋದಾಮಿನ ಹಿಂದಿನ ಗೂಡಿನಲ್ಲಿ, ಬೇರೆ ದೀಪದಡಿ. ಬರ್ನದೆತ್ ಕೊಟ್ಟ ಆ ನಾಲ್ಕು ಹನಿ ಯಾವ ತಾಯಿಗಿಡದಿಂದ ಬಂದಿತ್ತೋ ಅದರ ಸಸಿಗಳೇ. ನೀವು ಮೊದಲ ಕಾಗದ ಬರೆದ ವಾರವೇ ಬೇರು ಬಿಡಿಸಲು ಇಟ್ಟಿದ್ದೆ. ಧೈರ್ಯವಿಲ್ಲದೆ ಕುಂಡದಲ್ಲೇ ಉಳಿಸಿಕೊಂಡಿದ್ದೆ. ಮೇ ತಿಂಗಳಲ್ಲಿ ನಿಮ್ಮ ಕಾಗದ ಓದಿ ದೊಡ್ಡ ಕುಂಡಕ್ಕೆ ಹಾಕಿದೆ. ಈಗ ಮೊಣಕಾಲೆತ್ತರ ಬಂದಿವೆ. ಸೆಪ್ಟೆಂಬರಿಗೆ ಎಣ್ಣೆ ಸಿದ್ಧ. ಬ್ಯಾಂಗರಿನಲ್ಲಿ ಕೈಗೆ ಕೊಡುತ್ತೇನೆ, ದುಡ್ಡಿನ ಮಾತು ಬೇಡ.

ಮೂವತ್ತರ ಮೇಲೆ ಒಂದೇ ಒಂದು ಗಿಡ ಇದ್ದರೂ ಕಾರ್ಡು ಹೋಗುತ್ತದೆ. ಆದರೆ ಇಲ್ಲಿಯವರೆಗೆ ಯಾವ ತನಿಖೆಯವನೂ ಬಂದಿಲ್ಲ. ದೂರು ಬಂದರಷ್ಟೇ ಅವರು ರಾಜಧಾನಿಯಿಂದ ಇಷ್ಟು ದೂರ ಬರುವುದು. ನನ್ನ ಮೇಲೆ ಯಾರು ದೂರು ಕೊಡುತ್ತಾರೆ?

ಸೆಪ್ಟೆಂಬರ್‌ವರೆಗೆ ಅವರನ್ನು ಉಳಿಸಿಕೊಳ್ಳಿ.

ಆಲ್ಸೀಡ್


ಹ್ಯಾಡ್‌ಲಾಕ್ ದ್ವೀಪ
29 ಜೂನ್ 2013

ಪ್ರಿಯ ಆಲ್ಸೀಡ್,

ಕಿತ್ತುಹಾಕಿ. ಇವತ್ತೇ ಕಿತ್ತುಹಾಕಿ. ಈ ಕಾಗದ ಓದಿ ಮುಗಿಸಿದ ತಕ್ಷಣ ಹೋಗಿ ಆರನ್ನೂ ಕಿತ್ತು ಎಲ್ಲಾದರೂ ಹೂತುಬಿಡಿ. ನಮಗಾಗಿ ನೀವು ಇಂಥ ಅಪಾಯ ಮೈಮೇಲೆ ಹಾಕಿಕೊಳ್ಳಬಾರದು. ನನ್ನ ಮೇಲೆ ಆಣೆ.

ಕಿತ್ತದ್ದಕ್ಕೆ ಒಂದು ಸಾಲು ಬರೆಯಿರಿ.

ವರ್ನಾ


ತಿಬೊಡೊ ಕಾರ್ನರ್
8 ಜುಲೈ 2013

ಪ್ರಿಯ ವರ್ನಾ,

ನಿಮ್ಮ ಕಾಗದವನ್ನು ಬರ್ನದೆತ್‌ಗೆ ತೋರಿಸಿದೆ. “ನೋಡಯ್ಯಾ, ಗಂಡ ಸಾಯ್ತಿದಾನೆ, ಆದ್ರೂ ನಿನ್ ಕಾರ್ಡಿನ ಚಿಂತೆ ಅವಳಿಗೆ. ಇಂಥೋಳಿಗೆ ನೀನು ಮೊದಲೇ ಕೊಡ್ಬೇಕಿತ್ತು” ಎಂದು ನನ್ನ ಮುಖಕ್ಕೆ ತಿವಿದಳು.

ಕೀಳುವುದಿಲ್ಲ. ನೀವು ಬೇಡವೆಂದಷ್ಟೂ ನನಗೆ ಹಟ ಹೆಚ್ಚಾಗುತ್ತದೆ. ಮೊಗ್ಗು ಬಿಡಲು ದೀಪದ ಹೊತ್ತು ಕಡಿಮೆ ಮಾಡಿದ್ದೇನೆ. ಮರ್ಲ್‌ಗೆ ಹೇಳಿ, ಗಿಡಗಳು ಅವರಿಗಿಂತ ಚೆನ್ನಾಗಿ ಊಟ ಮಾಡುತ್ತಿವೆ.

ಆಲ್ಸೀಡ್


ಹ್ಯಾಡ್‌ಲಾಕ್ ದ್ವೀಪ
15 ಜುಲೈ 2013

ಆಲ್ಸೀಡ್,

ನಾನು ಉಪಚಾರಕ್ಕೆ ಹೇಳಿದ್ದಲ್ಲ. ಯಾರಾದರೂ ದೂರು ಕೊಟ್ಟಿದ್ದರೆ? ನಿಮ್ಮನ್ನು ಕಂಡರಾಗದವರು ಒಬ್ಬರೂ ಇಲ್ಲವೇ? ಲೋಕ ನೀವಂದುಕೊಂಡ ಹಾಗಿಲ್ಲ. ಗಿಡಗಳನ್ನು ಆ ಗೋದಾಮಿನಿಂದ ಹೊರಗೆ ಸಾಗಿಸಿ, ಬೇರೆ ಎಲ್ಲಿಯಾದರೂ ಸರಿ.

ಕೀಳಲೇಬೇಕಾದರೆ, ಇರುವಷ್ಟು ಎಲೆಯಲ್ಲೇ ಸ್ವಲ್ಪ ಎಣ್ಣೆ ಆಗುತ್ತದೆಯೇ? ಆದರೆ ಬರ್ನದೆತ್ ಕೈಯಲ್ಲಿ ಕಳಿಸಿ.

ವರ್ನಾ


ತಿಬೊಡೊ ಕಾರ್ನರ್
6 ಆಗಸ್ಟ್ 2013

ವರ್ನಾ,

ನಿಮ್ಮ ಮಾತೇ ನಿಜವಾಯಿತು. ನೀವು ಕಾಗದ ಅಂಚೆಗೆ ಹಾಕಿದ ಮರುದಿನ, ಜುಲೈ ಹದಿನಾರಕ್ಕೆ, ಬೆಳಿಗ್ಗೆ ಇಬ್ಬರು ಬಂದರು. ಒಬ್ಬ ತನಿಖೆಯವನು, ಒಬ್ಬಳು ಬರೆದುಕೊಳ್ಳುವವಳು. ನನಗೆ ಬಾಗಿಲು ಬಡಿದದ್ದು ಕೇಳಿಸಲಿಲ್ಲ. ತಿರುಗಿ ನೋಡಿದರೆ ಅವರು ಗೋದಾಮಿನೊಳಗೇ ನಿಂತಿದ್ದರು.

ಮೊದಲು ನಮೂನೆಗಳ ಡಬ್ಬಿ ಕೇಳಿದರು. ಅದರಲ್ಲೂ ಒಬ್ಬನದ್ದೇ ವೈದ್ಯರ ಚೀಟಿಯನ್ನು ಬಹಳ ಹೊತ್ತು ನೋಡಿದರು. ಎಲ್ಲ ಸರಿಯಾಗಿತ್ತು. ಹೊರಡುವವರೇ ಇದ್ದರು. ಆ ಹೆಂಗಸು ಹಿಂದಿನ ಗೂಡಿನ ಬಾಗಿಲಡಿ ಬೆಳಕು ಕಂಡಳು. ನಿಯಮದ ಹಾಳೆ ತೆಗೆದು ನನಗೆ ತೋರಿಸಿದರು: ಹೆಚ್ಚುವರಿ ಗಿಡಗಳನ್ನು ಬೆಳೆಗಾರನೇ ನಾಶ ಮಾಡತಕ್ಕದ್ದು. ನನ್ನ ಕೈಗೇ ಕತ್ತರಿ ಕೊಟ್ಟರು. ಹೆಬ್ಬೆರಳುದ್ದ ಮೊಗ್ಗು ಬಂದಿತ್ತು. ಕತ್ತರಿಸಿ, ಬೆಕ್ಕಿಗೆ ಹಾಕುವ ಮರಳಿನಲ್ಲಿ ಕಲಸಿ, ಮೇಲೆ ಬ್ಲೀಚು ಸುರಿದೆ. ತನಿಖೆಯವನು ಕೆಟ್ಟವನಲ್ಲ. ಚೀಟಿಯಲ್ಲಿ ಬರೆದು ತೋರಿಸಿದ: “ತಾತ, ನಾನು ಒಳಗೆ ಬರ್ದೇ ಇದ್ದಿದ್ರೆ ಚೆನ್ನಾಗಿತ್ತು.”

ಉಳಿದ ಮೂವತ್ತು ಗಿಡಕ್ಕೂ, ಮಾಡಿಟ್ಟ ಎಣ್ಣೆಗೂ ಮುದ್ರೆ ಬಿದ್ದಿದೆ. ನನ್ನ ಐವರಿಗೆ ಒಂದು ಹನಿಯೂ ಕೊಡುವಂತಿಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೆ ವಿಚಾರಣೆ.

ನೀವೊಂದು ಅರ್ಧ ಪುಟ ಬರೆದುಕೊಡಬೇಕು. ಆ ಆರು ಗಿಡ ಮಾರುವುದಕ್ಕಲ್ಲ, ವೈದ್ಯರ ಚೀಟಿ ಇರುವ ಒಬ್ಬ ರೋಗಿಗಾಗಿ, ಪುಕ್ಕಟೆ, ಎಂದಷ್ಟೇ. ಮರ್ಲ್ ಚೀಟಿಯ ಪ್ರತಿ ಜೊತೆಗಿಡಿ. ಹಾಗೆ ಬರೆದರೆ ದಂಡ ಹಾಕಿ ಕಾರ್ಡು ಉಳಿಸುತ್ತಾರೆಂದು ಇಲ್ಲಿನ ವಕೀಲ ಹೇಳುತ್ತಾನೆ. ನಿಮ್ಮಿಂದ ಬೇರೇನೂ ಕೇಳುವುದಿಲ್ಲ.

ಆಲ್ಸೀಡ್


ಹ್ಯಾಡ್‌ಲಾಕ್ ದ್ವೀಪ
20 ಆಗಸ್ಟ್ 2013

ಪ್ರಿಯ ಆಲ್ಸೀಡ್,

ನಿಮ್ಮ ಕಾಗದ ತಲುಪಿತು. ಮರ್ಲ್ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೀಮೋ ನಿಲ್ಲಿಸಿದ್ದಾರೆ. ದಿನಕ್ಕೊಮ್ಮೆ ನರ್ಸು ದೋಣಿಯಲ್ಲಿ ಬಂದು ಹೋಗುತ್ತಾಳೆ.

ಇಂಥ ಹೊತ್ತಿನಲ್ಲಿ ಕಚೇರಿಗೆ ಕಾಗದ ಬರೆಯುವುದು ನನ್ನಿಂದ ಆಗದು. ನನಗೆ ಬರೆಯಲೂ ಬರುವುದಿಲ್ಲ ಸರಿಯಾಗಿ. ನನ್ನ ಹೆಸರು ನೋಡಿ ಅವರು ಏನೇನೋ ಕೇಳಿದರೆ? ಮರ್ಲ್ ಚೀಟಿಯನ್ನೇ ಕಿತ್ತುಕೊಂಡರೆ? ಬರ್ನದೆತ್ ಬರೆಯಬಹುದಲ್ಲ, ಅವರಿಗೆ ಎಲ್ಲ ಗೊತ್ತು. ನನ್ನ ಕಾಗದದಿಂದ ನಿಮಗೆ ಉಪಕಾರಕ್ಕಿಂತ ಕೇಡೇ ಹೆಚ್ಚು.

ವರ್ನಾ


ತಿಬೊಡೊ ಕಾರ್ನರ್
30 ಆಗಸ್ಟ್ 2013

ವರ್ನಾ,

ಬರ್ನದೆತ್ ಬರೆದಳು. ಅವಳು ನನ್ನದೇ ರೋಗಿ, ಅವಳ ಮಾತು ನಡೆಯುವುದಿಲ್ಲವಂತೆ. ಗಿಡ ಯಾರಿಗಾಗಿ ಹಾಕಿದ್ದೋ ಅವರದ್ದೇ ಬೇಕು. ಅರ್ಧ ಪುಟ ಬೇಡ, ಮೂರು ಸಾಲು ಸಾಕು. ನೀವು ಇಷ್ಟು ದಿನ ನನಗೆ ಬರೆದ ಯಾವ ಕಾಗದ ತಪ್ಪಾಗಿತ್ತು, ಬರೆಯಲು ಬರುವುದಿಲ್ಲ ಎನ್ನುವುದಕ್ಕೆ?

ಇನ್ನೊಂದು ಸಂಕಟ. ದೂರು ಕೊಟ್ಟವನು ನನ್ನ ತಂಗಿಯ ಮಗ ನೊರ್ಮಾಂ ಎಂದು ನನಗೆ ಖಾತ್ರಿಯಾಯಿತು. ತಿಂಗಳಿಗೊಮ್ಮೆ ನನ್ನನ್ನು ಬ್ಯಾಂಗರಿಗೆ ಕರೆದೊಯ್ಯುವವನು ಅವನೇ. ಹಿಂದಿನ ಗೂಡಿಗೆ ತಂತಿ ಎಳೆದುಕೊಟ್ಟವನೂ ಅವನೇ. ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನ ಹೆಂಡತಿ ಮಕ್ಕಳ ಮುಂದೆ, ಊಟದ ಮೇಜಿನಲ್ಲಿ, ದ್ರೋಹಿ ಎಂದೆ. ಅವನ ಬಾಯಿ ಆಡುತ್ತಿತ್ತು. ನಾನು ತುಟಿ ಓದಬಲ್ಲೆ, ಬೇಕೆಂದೇ ಮುಖ ತಿರುಗಿಸಿಕೊಂಡೆ. ಆಮೇಲೆ ಅವನು ಬಂದಿಲ್ಲ. ಹದಿನೈದು ದಿನದಿಂದ ನಾನು ಯಾರೊಂದಿಗೂ ಮಾತಾಡಿಲ್ಲ.

ಮೂರು ಸಾಲು, ವರ್ನಾ. ಹನ್ನೆರಡರೊಳಗೆ.

ಆಲ್ಸೀಡ್


ತಿಬೊಡೊ ಕಾರ್ನರ್
16 ಸೆಪ್ಟೆಂಬರ್ 2013

ಶ್ರೀ ಮರ್ಲ್ ಕಾರ್ವರ್ ಅವರಿಗೆ,

ಇಷ್ಟು ತಿಂಗಳು ನಿಮ್ಮ ಹೆಂಡತಿಗೆ ಬರೆದೆ. ಈ ಕಾಗದ ನಿಮಗೆ. ಸಾಯುತ್ತಿರುವವನಿಗೆ ಇಂಥದ್ದನ್ನು ಬರೆಯಬೇಡವೆಂದು ಬರ್ನದೆತ್ ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಬರೆಯುತ್ತಿದ್ದೇನೆ.

ಹನ್ನೆರಡನೆಯ ತಾರೀಖು ವಿಚಾರಣೆಯಾಯಿತು. ನಿಮ್ಮ ಹೆಂಡತಿಯ ಕಾಗದ ಬರಲಿಲ್ಲ. ಅಧಿಕಾರಿ ಕೇಳಿದಳು: “ಆರು ಗಿಡ ಯಾರಿಗೋ ಸಾಯೋರಿಗೆ ಅಂತೀರ. ಆ ಮನುಷ್ಯ ಇದಾನೆ ಅನ್ನೋಕೆ ಏನಿದೆ ನಿಮ್ ಹತ್ರ?” ನನ್ನ ಬಳಿ ಏನೂ ಇರಲಿಲ್ಲ. ಕಾಗದಗಳನ್ನು ತೋರಿಸಬಹುದಿತ್ತು. ನಿಮ್ಮಿಬ್ಬರ ಹೆಸರು ಕಚೇರಿಗೆ ಗೊತ್ತಾಗಬಾರದೆಂದು ಮನೆಯಲ್ಲೇ ಬಿಟ್ಟುಹೋಗಿದ್ದೆ.

ಕಿವುಡನೆಂದು ದೂರಿನ ಪ್ರತಿಯನ್ನು ಓದಲು ಕೈಗೆ ಕೊಟ್ಟರು. ಹೆಸರಿನ ಮೇಲೆ ಕಪ್ಪು ಬಳಿದಿದ್ದರು. ತಾರೀಖು ಜೂನ್ ಹದಿನೆಂಟು. ಅದರಲ್ಲಿ ಹೀಗಿತ್ತು: ಈ ಬೆಳೆಗಾರನ ಐವರಲ್ಲಿ ಸೌದೆ ಮಾರುವ ಮೂವತ್ತನಾಲ್ಕರ ಒಬ್ಬನಿದ್ದಾನೆ, ಸುಳ್ಳು ಕಾಯಿಲೆ ಹೇಳಿ ಕಾರ್ಡು ಮಾಡಿಸಿದ್ದಾನೆ, ಹಿಮದ ಬಂಡಿಯನ್ನು ಒಬ್ಬನೇ ಎತ್ತಿ ಟ್ರಕ್ಕಿಗೆ ಹಾಕುತ್ತಾನೆ, ಎತ್ತಿ ಶಿಳ್ಳೆ ಹಾಕುತ್ತಾನೆ, ಅವನ ಹೆಸರು ತೆಗೆದುಹಾಕಬೇಕು. ಗಿಡಗಳ ಸುದ್ದಿ ಒಂದಕ್ಷರವೂ ಇರಲಿಲ್ಲ. ಶಿಳ್ಳೆಯ ಮಾತನ್ನು ಜಗತ್ತಿನಲ್ಲಿ ನಾನು ಒಬ್ಬರಿಗೇ ಬರೆದದ್ದು.

ನನ್ನ ಕಾರ್ಡು ರದ್ದಾಯಿತು. ಕಾರ್ಡು ಹೋಯಿತೆಂದರೆ ಬಾಯಿಯ ಬೀಗವೂ ಹೋಯಿತು, ಹೇಳುತ್ತೇನೆ. ಆ ಹುಡುಗನ ಹೆಸರು ಡ್ವೇನ್. ಅವನಿಗೆ ಮೂರ್ಛೆರೋಗ. ಹನ್ನೊಂದನೆಯ ವಯಸ್ಸಿನಿಂದ ವಾರಕ್ಕೆ ಮೂರು ಸಲ ಬೀಳುತ್ತಿದ್ದ. ನನ್ನ ಎಣ್ಣೆ ಶುರುಮಾಡಿ ಹತ್ತೊಂಬತ್ತು ತಿಂಗಳು ಒಮ್ಮೆಯೂ ಬಿದ್ದಿರಲಿಲ್ಲ. ಅದಕ್ಕೇ ಬಂಡಿ ಎತ್ತುತ್ತಿದ್ದ, ಅದಕ್ಕೇ ಶಿಳ್ಳೆ. ಗೋದಾಮಿಗೆ ಮುದ್ರೆ ಬಿದ್ದ ಮೇಲೆ ಬೇರೆ ಬೆಳೆಗಾರನನ್ನು ಹುಡುಕಿದ. ಎಲ್ಲರ ಐದೂ ತುಂಬಿತ್ತು. ಸೆಪ್ಟೆಂಬರ್ ನಾಲ್ಕಕ್ಕೆ ಸೌದೆ ಸೀಳುವ ಯಂತ್ರದ ಮೇಲೆ ಬಿದ್ದ. ಬಲಗೈ ಮೊಣಕೈವರೆಗೆ ಇಲ್ಲ. ನಾನು ನೋಡಲು ಹೋಗಿದ್ದೆ. “ಆಲ್ಸೀಡ್, ಇನ್ಮೇಲೆ ನನ್ನ ನೋಡಿದ್ರೆ ಕಾಯಿಲೆಯೋನು ಅಂತ ಎಲ್ರಿಗೂ ಗೊತ್ತಾಗುತ್ತೆ ಬಿಡಿ” ಎಂದ.

ನೊರ್ಮಾಂ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ.

ಮರ್ಲ್, ಆ ಆರು ಗಿಡ ನಿಮ್ಮವು. ಇವತ್ತಿಗೆ ಎಣ್ಣೆಯಾಗಿ ನಿಮ್ಮ ನಾಲಿಗೆಯಡಿ ಇರಬೇಕಿತ್ತು. ನಿಮ್ಮ ಹೆಂಡತಿ ಅವನ್ನು ನನ್ನ ಕೈಯಿಂದಲೇ ಕತ್ತರಿಸಿದಳು. ದೂರು ಕಳಿಸಿದಾಗ ಈ ಗಿಡಗಳ ವಿಷಯ ಅವಳಿಗೆ ತಿಳಿದಿರಲಿಲ್ಲ, ಇರಲಿ. ಆದರೆ ನಾನು ಬರೆದು ಗಿಡದ ಸುದ್ದಿ ತಿಳಿದ ಮೇಲೂ ಹದಿನೈದು ದಿನ ಸಮಯವಿತ್ತು. ಒಂದು ಸಾಲು, “ನಾನೇ ದೂರು ಕೊಟ್ಟೆ” ಎಂದು ಬರೆದಿದ್ದರೆ ಅರ್ಧ ಗಂಟೆಯಲ್ಲಿ ಕೀಳುತ್ತಿದ್ದೆ. ಎಣ್ಣೆ ತಪ್ಪಿಹೋದೀತೆಂದು ಬರೆಯಲಿಲ್ಲ. ನಿಮಗೆ ನೀರು ಕುಡಿಸುವ ಕೈ ಯಾವುದೆಂದು ನಿಮಗೆ ಗೊತ್ತಿರಲಿ.

ಆಲ್ಸೀಡ್ ತಿಬೊಡೊ


ಹ್ಯಾಡ್‌ಲಾಕ್ ದ್ವೀಪ
3 ಅಕ್ಟೋಬರ್ 2013

ಶ್ರೀ ತಿಬೊಡೊ,

ಮರ್ಲ್ ಸೆಪ್ಟೆಂಬರ್ ಇಪ್ಪತ್ತೇಳರ ಶುಕ್ರವಾರ ಮಧ್ಯಾಹ್ನ ತೀರಿಕೊಂಡರು. ಅವರ ಅಣ್ಣನ ದೋಣಿಯಲ್ಲೇ ಹೆಣ ಸಾಗಿಸಿದೆವು.

ನಿಮ್ಮ ಕಾಗದ ಬಂದಾಗ ಅವರು ಎಚ್ಚರವಾಗಿದ್ದರು. ಲಕೋಟೆಯ ಮೇಲೆ ತಮ್ಮ ಹೆಸರು ಕಂಡು ಹಿಗ್ಗಿದರು. “ಆ ಮುದುಕಂದಾ? ನಂಗೇ ಬರ್ದಿದಾನಾ? ಓದೇ ಮಾರಾಯ್ತಿ, ಕನ್ನಡಕ ಹಾಕ್ಕೊಳಕ್ಕೂ ಆಗಲ್ಲ ನಂಗೆ.” ಮಂಚದ ಪಕ್ಕ ಕೂತು ಲಕೋಟೆ ಒಡೆದೆ. ಮೊದಲ ನಾಲ್ಕು ಸಾಲು ಮನಸ್ಸಿನಲ್ಲೇ ಓದಿಕೊಂಡೆ. ಆಮೇಲೆ ಗಟ್ಟಿಯಾಗಿ ಓದಿದೆ.

ನೀವು ಬರೆಯದೇ ಇದ್ದದ್ದನ್ನು ಓದಿದೆ. ಈ ಸಲ ನಿಮ್ಮ ಕಡೆ ಆಲೂಗಡ್ಡೆ ಚೆನ್ನಾಗಿ ಬಂದಿದೆ, ಕೀಳುವುದಕ್ಕೆಂದು ಶಾಲೆಗೆ ರಜೆ ಕೊಟ್ಟಿದ್ದಾರೆ, ಬರ್ನದೆತ್ ನಿಮ್ಮ ಯೋಗಕ್ಷೇಮ ಕೇಳಿದ್ದಾಳೆ, ಕಾರ್ಡು ಉಳಿಯಿತು, ಎಣ್ಣೆ ಎಂಟು ದಿನದಲ್ಲಿ ಬರುತ್ತದೆ. ಅವರು ಕಣ್ಣು ಮುಚ್ಚಿ ನಗುತ್ತ ಕೇಳಿಸಿಕೊಂಡರು. ಮಾರನೆಯ ದಿನ ಇನ್ನೊಮ್ಮೆ ಓದೆಂದರು. ಓದಿದೆ. “ನಿನ್ನೆ ಎಂಟು ದಿನ ಅಂದೆ, ಇವತ್ತು ಹತ್ತು ಅಂತೀಯ” ಎಂದರು. ಅಕ್ಷರ ಸರಿಯಿಲ್ಲ, ಮುದುಕರ ಬರಹ ಎಂದೆ. “ಕೊಡಿಲ್ಲಿ, ನನ್ ಹತ್ರಾನೇ ಇರ್ಲಿ” ಎಂದು ತೆಗೆದುಕೊಂಡು ದಿಂಬಿನಡಿ ಇಟ್ಟುಕೊಂಡರು. ಕಸಿದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಹೇಗೂ ಓದಲಾರರು ಎಂದುಕೊಂಡೆ.

ಹೌದು, ದೂರು ಬರೆದದ್ದು ನಾನೇ. ಅವನೊಬ್ಬನ ಹೆಸರು ಹೋದರೆ ಸಾಕಿತ್ತು ನನಗೆ. ಅವನ ಕೈಯ ವಿಷಯ ಓದಿದೆ. ನಿಮ್ಮನ್ನು ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀವು ನನ್ನ ಗಂಡನಿಗೆ ಆ ಕಾಗದ ಬರೆದಿರಿ. ನೀವು ನನ್ನನ್ನು ಕ್ಷಮೆ ಕೇಳುವುದೂ ಬೇಡ. ನಿಮ್ಮ ಕಾಗದ ಏನು ಮಾಡಿತೆಂದು ನಿಮಗೆ ತಿಳಿಯಬೇಕು, ಅಷ್ಟೆ.

ಕೊನೆಯ ಐದು ದಿನ ಮರ್ಲ್ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಚಮಚ ತಂದರೆ ತುಟಿ ಬಿಗಿಹಿಡಿಯುತ್ತಿದ್ದರು. ಗಂಟಲು ಮುಚ್ಚಿಹೋಗಿದೆ ಎಂದುಕೊಂಡೆ. ಆದರೆ ನರ್ಸು ಬಂದು ಕೊಟ್ಟರೆ ನುಂಗುತ್ತಿದ್ದರು. ಅಭ್ಯಾಸವಿರುವ ಕೈ, ಅವಳಿಗೆ ಕೊಡುವ ರೀತಿ ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ದಿನಕ್ಕೆ ಒಂದೇ ದೋಣಿ. ಅವಳು ಬರುವವರೆಗೆ ಬಾಯಿ ಒಣಗಿ ತುಟಿ ಬಿರಿಯುತ್ತಿತ್ತು. ಆಗಲೂ ನನ್ನ ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ಬಯ್ಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ನಾನು ಒದ್ದೆ ಬಟ್ಟೆ ತುಟಿಗೆ ಒತ್ತಿದರೆ ಅದನ್ನು ಹೊರಕ್ಕೆ ತಳ್ಳಿಬಿಡುತ್ತಿದ್ದರು.

ಮಣ್ಣು ಮಾಡಿದ ಮೂರನೆಯ ದಿನ ನರ್ಸು ಉಳಿದ ಔಷಧಿಗಳನ್ನು ಲೆಕ್ಕ ಹಾಕಿ ಒಯ್ಯಲು ಬಂದಿದ್ದಳು. ಹಾಸಿಗೆ ಮಡಿಸಲು ನೆರವಾಗುತ್ತ ಹೇಳಿದಳು:

“ಪಾಪ, ಭಾನುವಾರ ನೀವು ಸ್ನಾನಕ್ಕೆ ಹೋದಾಗ ಕನ್ನಡಕ ಹಾಕಿಸ್ಕೊಂಡ್ರು. ನಂಗೇ ಕಾಗದ ಹಿಡ್ಕೊಳಕ್ಕೆ ಹೇಳಿದ್ರು. ಎರಡು ಸಲ ಓದಿದ್ರು. ನಾನು ಓದ್ಲಿಲ್ಲಪ್ಪ, ಆ ಕಡೆ ನೋಡ್ತಿದ್ದೆ. ಏನ್ ಬರ್ದಿದಾರೆ ಅಂತ ಕೇಳ್ದೆ.”

“ಏನಂದ್ರು?”

“ಆಲೂಗಡ್ಡೆ ಚೆನ್ನಾಗಿ ಬಂದಿದ್ಯಂತೆ, ಅಂದ್ರು.”

ವರ್ನಾ ಕಾರ್ವರ್